ಸೊನ್ನೆಗಿಂತ ಹಿಂದಿನ ಬುಧವಾರ

ಅಕ್ಕ ಫೋನು ಇಟ್ಟ ರೀತಿ ಸರಿಯಿರಲಿಲ್ಲ. ಬೆಳಿಗ್ಗೆ ಹಲ್ಲುಜ್ಜುವಾಗಲೂ ಅದೇ, ಅಂಗಿಯ ಗುಂಡಿ ಹಾಕಿಕೊಳ್ಳುವಾಗಲೂ ಅದೇ ಅವನ ತಲೆಯಲ್ಲಿ ಸುತ್ತುತ್ತಿತ್ತು. ಅಕ್ಕ ಫೋನು ಇಡುವುದೆಂದರೆ ಅದೊಂದು ದೊಡ್ಡ ಕಾರ್ಯಕ್ರಮ. ಸರಿ ಇಡ್ತೀನಿ ಅಂದ ಮೇಲೆ ಬಿ.ಪಿ. ಮಾತ್ರೆ ತಗೊಂಡೆಯಾ ಅನ್ನಬೇಕು, ಇಡ್ಲಾ ಹಾಗಿದ್ರೆ ಅಂದ ಮೇಲೆ ಭಾವನ ಮಂಡಿನೋವಿನ ಕಥೆ ಹೊಸದಾಗಿ ಶುರುವಾಗಬೇಕು, ಅದು ಮುಗಿದು ಇನ್ನೇನು ಇಟ್ಟಳು ಅನ್ನುವಾಗ ಮರೀ ಒಂದು ನಿಮಿಷ ಎಂದು ಮತ್ತೆ ಹಿಡಿದುಕೊಳ್ಳಬೇಕು. ಐವತ್ತಾರು ದಾಟಿದ ಮೇಲೂ ಅವನನ್ನು ಮರಿ ಎನ್ನುವವಳು ಈಗ ಅವಳೊಬ್ಬಳೇ. ನಿನ್ನೆ ಸಂಜೆ ಮಾತ್ರ “ಹಾಗಿದ್ರೆ ಗುರುವಾರವೇ ಇರ್ಬೇಕು ಬಿಡು” ಎಂದವಳು ಇಟ್ಟೇಬಿಟ್ಟಳು. ಮಾತ್ರೆಯೂ ಇಲ್ಲ, ಮಂಡಿಯೂ ಇಲ್ಲ. ಸ್ವಲ್ಪ ಹೊತ್ತು ಫೋನನ್ನು ಬಲಗಿವಿಗೆ ಒತ್ತಿಕೊಂಡೇ ಅವನು ನಿಂತಿದ್ದ. ಎಡಗಿವಿ ಚಿಕ್ಕಂದಿನಿಂದಲೂ ಕೇಳಿಸದು.

“ನಿನ್ನೆ ಅತ್ತಿಗೆಗೆ ಏನಂದ್ರಿ?” ಹೆಂಡತಿ ಊಟದ ಡಬ್ಬಿಗೆ ಮುಚ್ಚಳ ಒತ್ತುತ್ತ ಕೇಳಿದಳು.

“ಏನೂ ಅನ್ನಲಿಲ್ಲ. ಯಾವುದೋ ಹಳೇ ತಾರೀಖಿನ ವಾರ ತಪ್ಪು ಹೇಳಿದ್ಲು. ತಿದ್ದಿದೆ.”

“ಅವರನ್ನ ನೀವು ತಿದ್ದಿದ್ರಿ.”

ಅದು ಪ್ರಶ್ನೆಯಾಗಿರಲಿಲ್ಲ, ಬೈಗುಳವೂ ಅಲ್ಲ. ಆದರೂ ಬಸ್ಸಿನಲ್ಲಿ ಎಡಬದಿಯ ಕಿಟಕಿ ಹಿಡಿದು ಕುಳಿತ ಮೇಲೂ ಅದು ಅವನ ಜೊತೆಗೇ ಬಂತು. ಕೇಳದ ಕಿವಿ ಕಿಟಕಿಗೆ, ಕೇಳುವ ಕಿವಿ ಜನರಿಗೆ. ಅದು ಅವನ ಯಾವತ್ತಿನ ಲೆಕ್ಕ. ಅಕ್ಕ ಮೂವತ್ತೆಂಟು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವಳು. ಔಷಧಿ ಬಾಟಲಿಯ ಮೇಲಿನ ಚೀಟಿಯಲ್ಲಿ ಒತ್ತಕ್ಷರ ತಪ್ಪಿದ್ದರೂ ಪೆನ್ನು ಹುಡುಕುತ್ತಾಳೆ. ಕೆಲಸದಿಂದ ನಿವೃತ್ತಳಾದ ದಿನ ಅವಳಿಗೆ ಕೊಟ್ಟ ಬಿನ್ನವತ್ತಳೆಯಲ್ಲೇ ಎರಡು ತಪ್ಪು ಹಿಡಿದು, ಅಲ್ಲೇ ವೇದಿಕೆಯ ಮೇಲೆಯೇ ಕೆಂಪು ಗುರುತು ಹಾಕಿ ಹಿಂದಕ್ಕೆ ಕೊಟ್ಟಿದ್ದಳು. ಅಂಥವಳು ನಿನ್ನೆ ಎರಡನೆಯ ಮಾತಿಗೇ ತಪ್ಪು ಒಪ್ಪಿಕೊಂಡಿದ್ದಳು. ಅವಳು ವಾದ ಮಾಡಿದ್ದರೆ ಅವನಿಗೆ ನಿದ್ದೆ ಬರುತ್ತಿತ್ತು.

ಇದಕ್ಕೆಲ್ಲ ಮೂಲ ಒಂದು ಸಾಲು. ಹದಿನೇಳು ವರ್ಷದ ಹಿಂದೆ ಅವನೇ ಬರೆದದ್ದು. ಅವನ ಕಂಪನಿ ಸಣ್ಣ ಯಂತ್ರಗಳ ಒಳಗೆ ಕೂರುವ ಆಪರೇಟಿಂಗ್ ಸಿಸ್ಟಂ ಮಾಡುತ್ತದೆ: ಟಿಕೆಟ್ ಕೊಡುವ ಪೆಟ್ಟಿಗೆ, ಲಿಫ್ಟು, ಆಸ್ಪತ್ರೆಯ ಬಾಗಿಲಲ್ಲಿ ಹೆಸರು ಬರೆಸಿಕೊಳ್ಳುವ ಯಂತ್ರ. ಅದರಲ್ಲಿ ಕಾಲದ ಭಾಗ ಅವನದು. ಆಫೀಸಿನಲ್ಲಿ ಅವನಿಗೆ ಗಡಿಯಾರ ಸರ್ ಎಂದೇ ಹೆಸರು. ಯಂತ್ರಗಳ ಪಾಲಿಗೆ ಕಾಲ ಶುರುವಾಗುವುದು ಸಾವಿರದ ಒಂಬೈನೂರ ಎಪ್ಪತ್ತರ ಜನವರಿ ಒಂದರಂದು. ಆ ದಿನದ ಮೊದಲ ಕ್ಷಣ ಸೊನ್ನೆ. ಅಲ್ಲಿಂದ ಈಚೆಗೆ ಸೆಕೆಂಡಿಗೊಂದರಂತೆ ಎಣಿಕೆ. ಆ ಸೆಕೆಂಡುಗಳ ರಾಶಿಯನ್ನು ಮನುಷ್ಯರು ಓದುವ ತಾರೀಖು, ವಾರ, ಗಂಟೆಯಾಗಿ ಬದಲಿಸಿ ಕೊಡುವುದು ಅವನ ಕೋಡಿನ ಕೆಲಸ. ಸೊನ್ನೆಗಿಂತ ಹಿಂದಿನದಕ್ಕೆ ಮೈನಸ್ ಸಂಖ್ಯೆ. ಆಗ, ಹದಿನೇಳು ವರ್ಷದ ಹಿಂದೆ, ಯಾರೋ ಪರೀಕ್ಷೆಗೆಂದು ಒಂದು ಮೈನಸ್ ಸಂಖ್ಯೆ ಕೊಟ್ಟಾಗ ವಾರ ಕೇಳಿದರೆ ಮೈನಸ್ ಮೂರನೆಯ ವಾರ ಎಂದು ಯಂತ್ರ ತಡಕಾಡಿ ನಿಂತುಹೋಗಿತ್ತು. ಮಾರನೆಯ ದಿನ ಸರಕು ಹೊರಡಬೇಕಿತ್ತು. ಅವನು ಒಂದು ಸಾಲು ಸೇರಿಸಿದ: ಸೊನ್ನೆಗಿಂತ ಕಡಿಮೆಯಿದ್ದರೆ ಸೊನ್ನೆಯೆಂದೇ ತಿಳಿ. ಪಕ್ಕದಲ್ಲಿ ಒಂದು ಟಿಪ್ಪಣಿಯನ್ನೂ ಬರೆದ. ಆಗ ಅದು ಜಾಣತನ ಅನಿಸಿತ್ತು.

ಹೋದ ವಾರ ಮುಖ್ಯಸ್ಥೆ ಆ ಟಿಪ್ಪಣಿಯನ್ನು ಗೋಡೆಯಗಲದ ಪರದೆಯ ಮೇಲೆ ಹಾಕಿದಳು. ಮೂವತ್ತನಾಲ್ಕರ ಹುಡುಗಿ; ಅವನು ಕೆಲಸಕ್ಕೆ ಸೇರಿದಾಗ ಅವಳಿನ್ನೂ ಅಂಬೆಗಾಲಿಡುತ್ತಿದ್ದಳು. ಒಂದು ಕಣ್ಣಿನ ಆಸ್ಪತ್ರೆಯಿಂದ ದೂರು ಬಂದಿತ್ತು. ಹೆಸರು ಬರೆಸಿಕೊಳ್ಳುವ ಹೊಸ ಯಂತ್ರ ಬಂದ ಮೇಲೆ ವಯಸ್ಸಾದವರೆಲ್ಲ ಒಂದೇ ದಿನ ಹುಟ್ಟಿದವರಾಗಿದ್ದರು. ಎಪ್ಪತ್ತೆಂಟರ ತಾಯಿಗೂ ಅವಳ ಕೈ ಹಿಡಿದು ಕರೆತಂದ ಮಗನಿಗೂ ಒಂದೇ ಜನ್ಮದಿನದ ಚೀಟಿ. ಗುರುತಿನ ಚೀಟಿಗೂ ಇದಕ್ಕೂ ತಾಳೆಯಾಗದೆ ಹನ್ನೊಂದು ಜನರ ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋಗಿತ್ತು. ಒಬ್ಬ ಮುದುಕರು ಕಣ್ಣಿಗೆ ಔಷಧಿ ಬಿಡಿಸಿಕೊಂಡು ಅರ್ಧ ದಿನ ಕಾದು, ಏನೂ ಕಾಣಿಸದೆ ಗೋಡೆ ಸವರಿಕೊಂಡು ಮನೆಗೆ ವಾಪಸಾದರು ಎಂದೂ ಬರೆದಿತ್ತು. ಪರದೆಯ ಮೇಲೆ ಅವನ ಸಾಲು, ಅದರೆದುರು ಅವನ ಹೆಸರು, ಕೆಳಗೆ ಅವನ ಟಿಪ್ಪಣಿ: ಸೊನ್ನೆಗಿಂತ ಹಿಂದೆ ಯಾರೂ ಬರುವುದಿಲ್ಲ. ಮುಖ್ಯಸ್ಥೆಯೇ ಸ್ವಲ್ಪ ನಕ್ಕು, “ಸರ್, ನೀವೇ ಸೊನ್ನೆಗಿಂತ ಹಿಂದಿನವರಲ್ವಾ?” ಅಂದಳು. ಎಲ್ಲರೂ ನಕ್ಕರು, ಪ್ರೀತಿಯಿಂದಲೇ ನಕ್ಕರು. ಅವನೂ ನಕ್ಕ. ನಗುತ್ತಲೇ ಗೋಡೆ ಸವರಿಕೊಂಡು ನಡೆಯುವ ಒಬ್ಬ ಮುದುಕನನ್ನು ನೋಡುತ್ತಿದ್ದ. ಆ ಮುದುಕನ ಕೈ ತನ್ನಪ್ಪನ ಕೈಯಂತಿತ್ತು, ಬೆರಳ ಸಂದಿಯಲ್ಲಿ ಅಚ್ಚಿನ ಶಾಯಿಯ ಸಮೇತ.

ಆ ಸಾಲು ಕಿತ್ತುಹಾಕಿ, ಮೈನಸ್ ಸಂಖ್ಯೆಗಳಿಗೂ ಸರಿಯಾದ ತಾರೀಖು ವಾರ ಬರುವಂತೆ ಎಂಟು ದಿನ ಕೂತು ಬರೆದ. ಬರೆದದ್ದನ್ನು ಪರೀಕ್ಷಿಸಲು ಹಳೆಯ ದಿನಗಳು ಬೇಕಿದ್ದವು. ಪುಸ್ತಕ ನೋಡಿ ತೆಗೆದುಕೊಳ್ಳಬಹುದಿತ್ತು. ಜೇಬಿನಲ್ಲಿನ ಫೋನೇ ಹೇಳುತ್ತಿತ್ತು. ಆದರೆ ಅಕ್ಕನನ್ನು ಕೇಳೋಣ ಅನಿಸಿತು. ಅವಳು ಅವನಿಗಿಂತ ಹತ್ತು ವರ್ಷ ದೊಡ್ಡವಳು, ಅವಳ ಹತ್ತಿರ ಸೊನ್ನೆಗಿಂತ ಹಿಂದಿನ ಹನ್ನೊಂದು ಹನ್ನೆರಡು ವರ್ಷ ಇದೆ, ಕೇಳಿದರೆ ಖುಷಿಪಡುತ್ತಾಳೆ. ಖುಷಿಪಟ್ಟಳು ಕೂಡ. ಪರೀಕ್ಷೆಗೆ ಕೂತ ಹುಡುಗಿಯ ಹಾಗೆ ಒಂದೊಂದಾಗಿ ಹೇಳಿದಳು. ಶಾಲೆಗೆ ಸೇರಿದ ದಿನ, ಸೋಮವಾರ. ಅಪ್ಪ ಸೈಕಲ್ ತಂದ ದಿನ, ಶನಿವಾರ. ಬೀದಿಯ ಕೊನೆಯ ಬೇಕರಿಗೆ ಬೆಂಕಿ ಬಿದ್ದ ದಿನ. ಅವನು ಹುಟ್ಟಿದ ದಿನ. ಅವನು ತಾರೀಖನ್ನು ಯಂತ್ರಕ್ಕೆ ಕೊಡುವುದು, ಯಂತ್ರ ವಾರ ಹೇಳುವುದು, ನಾಲ್ಕಕ್ಕೆ ನಾಲ್ಕೂ ಸರಿ. “ನೀನೇ ಒಂದು ಕಂಪ್ಯೂಟರ್ ಅಕ್ಕ” ಎಂದ. ಅವಳು ಆ ಕಡೆಯಿಂದ ನಕ್ಕಳು. ಆಮೇಲೆ, “ಇನ್ನೊಂದಿದೆ, ಬರ್ಕೋ. ಅರವತ್ತೊಂಬತ್ತು, ನವೆಂಬರ್ ಹನ್ನೆರಡು. ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ಬುಧವಾರ” ಅಂದಳು.

“ಏನಾಯ್ತು ಅವತ್ತು?”

“ಏನೋ ಒಂದು. ನೋಡು ನೀನು.”

ಅವನು ನೋಡಿದ. “ತಪ್ಪು ಅಕ್ಕ. ಗುರುವಾರ.”

“ಬುಧವಾರ ಮರೀ.”

“ಯಂತ್ರ ಸುಳ್ಳು ಹೇಳಲ್ಲ ಅಕ್ಕ. ಐದಕ್ಕೆ ನಾಲ್ಕು ಬಂತಲ್ಲ, ನಿನ್ನ ವಯಸ್ಸಿಗೆ ಅದೇ ಜಾಸ್ತಿ.” ತಮಾಷೆಗೇ ಅಂದಿದ್ದು. ಕರೆ ಕಡಿದುಹೋಯಿತೇನೋ ಎಂದುಕೊಂಡ. ಆಮೇಲೆ ಆ ಮಾತು ಬಂತು, ಹಾಗಿದ್ರೆ ಗುರುವಾರವೇ ಇರ್ಬೇಕು ಬಿಡು.

ಆಫೀಸಿನಲ್ಲಿ ಮಧ್ಯಾಹ್ನದವರೆಗೆ ಅವನಿಗೆ ಬೇರೆ ಕೆಲಸವಿತ್ತು, ಅಥವಾ ಬೇರೆ ಕೆಲಸವಿದ್ದಂತೆ ಕುಳಿತಿದ್ದ. ಊಟದ ಹೊತ್ತಿಗೆ ಮುಖ್ಯಸ್ಥೆ ಅವನ ಬಲಬದಿಗೆ ಬಂದು ನಿಂತಳು. ಅವನ ಕಿವಿಯ ವಿಷಯ ಯಾರೂ ಹೇಳದೆಯೇ ಅವಳು ತಿಳಿದುಕೊಂಡಿದ್ದಳು. ಅದಕ್ಕೇ ಅವಳನ್ನು ಕಂಡರೆ ಅವನಿಗೆ ಇಷ್ಟ, ಅದಕ್ಕೇ ಸ್ವಲ್ಪ ಸಂಕೋಚ. “ನಾಲ್ಕಕ್ಕೆ ಆಸ್ಪತ್ರೆಗೆ ಕಳಿಸ್ತೀನಿ ಸರ್. ನಿಮ್ಮ ಕಡೆಯಿಂದ ಮುಗೀತಲ್ವಾ?”

“ಮುಗೀತು.”

“ನಾಳೆಯಿಂದ ಮುದುಕರೆಲ್ಲ ಮತ್ತೆ ಮುದುಕರಾಗ್ತಾರೆ,” ಎಂದು ನಕ್ಕು ಹೋದಳು.

ಮುಗೀತು ಎಂದ ಮೇಲೆ ಮೇಜು ಚೊಕ್ಕಟ ಮಾಡುವುದು ಅವನ ಅಭ್ಯಾಸ. ನಿನ್ನೆ ಬರೆದುಕೊಂಡ ಚೀಟಿ ಕೈಗೆ ಸಿಕ್ಕಿತು. ಐದು ತಾರೀಖು, ನಾಲ್ಕರ ಎದುರು ಸರಿ ಗುರುತು, ಐದನೆಯದರ ಎದುರು ಇಂಟು. ಚೀಟಿಯನ್ನು ಹರಿಯಲು ಹೋಗಿ ಹರಿಯಲಿಲ್ಲ. ಅಕ್ಕನ ತಪ್ಪಿಗೆ ತಾನು ಇಂಟು ಹಾಕಿದ್ದು ಅವನಿಗೆ ಸಹಿಸಲಾಗಲಿಲ್ಲ. ಶಾಲೆಗೆ ಹೋಗುವಾಗ ಅವನ ಕಾಗುಣಿತಕ್ಕೆ ಅವಳು ಯಾವತ್ತೂ ಇಂಟು ಹಾಕಿದವಳಲ್ಲ, ಸುತ್ತ ಒಂದು ಸಣ್ಣ ಗೆರೆ ಎಳೆದು ಇದನ್ನ ಇನ್ನೊಂದ್ಸಲ ನೋಡು ಮರಿ ಅನ್ನುತ್ತಿದ್ದಳು. ಇನ್ನೊಂದು ಸಲ ನೋಡಿದ. ಸರಿ ಬಂದ ನಾಲ್ಕು ದಿನಕ್ಕೂ ಅವಳು ಗಂಟೆ ಹೇಳಿರಲಿಲ್ಲ. ಗಂಟೆ ಇಲ್ಲದ ಕಡೆ ಅವನು ಸೊನ್ನೆ ಗಂಟೆ ಸೊನ್ನೆ ನಿಮಿಷ ಎಂದು ಕೊಟ್ಟಿದ್ದ. ಎಂಟು ದಿನದಿಂದ ಅವನು ಮಾಡಿದ ಪರೀಕ್ಷೆಗಳೆಲ್ಲ ಹಾಗೆಯೇ, ದಿನದ ಮೊದಲ ಕ್ಷಣದಲ್ಲಿ. ಐದನೆಯದಕ್ಕೆ ಮಾತ್ರ ಗಂಟೆ ಇತ್ತು. ಹನ್ನೊಂದು ಹತ್ತು.

ಸೊನ್ನೆಯ ದಿನ ಗುರುವಾರ ಎನ್ನುವುದು ಅವನ ಕಸುಬಿನವರಿಗೆ ಸ್ವಂತ ಹೆಸರಿನಷ್ಟು ಗೊತ್ತು. ಹಾಗಾದರೆ ಸೊನ್ನೆಗಿಂತ ಒಂದು ಗಂಟೆ ಹಿಂದೆ ಬುಧವಾರ ಇರಲೇಬೇಕು, ಅದಕ್ಕೆ ಪುಸ್ತಕವೂ ಬೇಡ ಅಕ್ಕನೂ ಬೇಡ. ಮೈನಸ್ ಮೂರು ಸಾವಿರದ ಆರುನೂರು ಸೆಕೆಂಡು ಎಂದು ಒತ್ತಿದ. ಯಂತ್ರ ಗುರುವಾರ ಎಂದಿತು.

ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ತಪ್ಪು ಎಲ್ಲಿದೆ ಎಂದು ಹುಡುಕಬೇಕಾಗಿಯೇ ಇರಲಿಲ್ಲ. ಅದು ಅವನನ್ನೇ ನೋಡುತ್ತ ಕೂತಿತ್ತು. ಸೆಕೆಂಡುಗಳನ್ನು ದಿನಗಳಾಗಿ ಭಾಗಿಸುವಾಗ ಚೂರು ಉಳಿದರೆ ಯಂತ್ರ ಆ ಚೂರನ್ನು ಬಿಟ್ಟು ಸೊನ್ನೆಯ ಕಡೆಗೆ ಸರಿಯುತ್ತದೆ. ಸೊನ್ನೆಯ ಈಚೆ ಅದರಿಂದ ತೊಂದರೆಯಿಲ್ಲ, ಹನ್ನೊಂದು ಹತ್ತು ಅದೇ ದಿನದಲ್ಲಿ ಉಳಿಯುತ್ತದೆ. ಸೊನ್ನೆಯ ಆಚೆ, ಸೊನ್ನೆಯ ಕಡೆಗೆ ಅಂದರೆ ಮುಂದಕ್ಕೆ. ಇಡೀ ಒಂದು ದಿನ ಮುಂದಕ್ಕೆ. ಗಂಟೆ ಮೈನಸ್ ಬಂದದ್ದನ್ನು ಅವನು ಇಪ್ಪತ್ತನಾಲ್ಕು ಕೂಡಿಸಿ ನೆಟ್ಟಗೆ ಮಾಡಿದ್ದ. ಆ ಇಪ್ಪತ್ತನಾಲ್ಕು ಗಂಟೆಯನ್ನು ಯಾವ ದಿನದಿಂದ ತಂದನೋ ಆ ಒಂದು ದಿನವನ್ನು ಕಳೆಯಲು ಮರೆತಿದ್ದ. ಅಷ್ಟೇ. ಊರೂರಿಗೂ ಗಡಿಯಾರ ಹಿಂದೆಮುಂದೆ, ಆಸ್ಪತ್ರೆಯಿರುವ ಕಡೆಯ ಸೊನ್ನೆ ಗಂಟೆ ಯಂತ್ರದ ಸೊನ್ನೆ ಗಂಟೆಯಲ್ಲ; ಅಲ್ಲಿ ಬರೀ ಹುಟ್ಟಿದ ದಿನ ಕೊಟ್ಟರೂ ಚೂರು ಉಳಿಯುತ್ತದೆ. ನಾಲ್ಕಕ್ಕೆ ಇದು ಹೋಗಿದ್ದರೆ ನಾಳೆ ಆ ಮುದುಕರೆಲ್ಲ ಒಂದೊಂದು ದಿನ ತಡವಾಗಿ ಹುಟ್ಟುತ್ತಿದ್ದರು, ಗುರುತಿನ ಚೀಟಿ ಮತ್ತೆ ತಾಳೆಯಾಗುತ್ತಿರಲಿಲ್ಲ, ಆ ಮನುಷ್ಯ ಮತ್ತೆ ಗೋಡೆ ಸವರಿಕೊಂಡು ಹೋಗುತ್ತಿದ್ದ. ಒಂದು ದಿನ ಕಳೆಯುವ ಸಾಲು ಬರೆದು, ಚೀಟಿಯ ಐದನೆಯ ತಾರೀಖನ್ನು ಮತ್ತೆ ಕೊಟ್ಟ. ಹನ್ನೆರಡು, ಹನ್ನೊಂದು, ಅರವತ್ತೊಂಬತ್ತು. ಬುಧವಾರ.

ಅಂಕಿಗಳನ್ನು ಹಾಗೆ ಸಾಲಾಗಿ ಒತ್ತಿದಾಗಲೇ ಬೆರಳಿಗೆ ಗೊತ್ತಾದದ್ದು. ನಿನ್ನೆ ಅಕ್ಕ ನವೆಂಬರ್ ಎಂದಾಗ, ಮಾತಿನ ಭರದಲ್ಲಿ ಒತ್ತುವಾಗ, ಗೊತ್ತಾಗಿರಲಿಲ್ಲ. ಕೆಲಸಕ್ಕೆ ಸೇರುವಾಗ, ಪ್ರತಿ ಸಲ ವೈದ್ಯರ ಪ್ರಮಾಣಪತ್ರ ಹೊಸದಾಗಿ ಮಾಡಿಸುವಾಗ, ಎಡಗಿವಿ ಎಂಬ ಖಾನೆಯ ಮುಂದೆ ಅವನು ನೋಡದೆಯೇ ತುಂಬುತ್ತ ಬಂದ ಅಂಕಿಗಳು ಅವು. ಕಾರಣ: ಮೆಟ್ಟಿಲಿನಿಂದ ಬಿದ್ದದ್ದು. ದಿನಾಂಕ: 12-11-69.

ಅವನಿಗೆ ಆಗ ಒಂದು ವರ್ಷ ನಾಲ್ಕು ತಿಂಗಳು. ಅವನಿಗೆ ನೆನಪಿರುವುದು ಬೇರೆಯವರು ಹೇಳಿದ್ದು ಮಾತ್ರ. ಮೂರನೆಯ ಮಹಡಿಯ ಬಾಡಿಗೆ ಮನೆ, ಬಾಗಿಲಿಗೆ ಹತ್ತಿಕೊಂಡೇ ಮೆಟ್ಟಿಲು, ಅಲ್ಲಿ ಅಪ್ಪ ಹಲಗೆ ಹೊಡೆದು ಮಾಡಿದ್ದ ಮೊಣಕಾಲೆತ್ತರದ ಗೇಟು, ಅದಕ್ಕೊಂದು ಕೊಂಡಿ. ಅಮ್ಮನಿಗೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಬೆಳಗಿನ ಪಾಳಿ. ಅಕ್ಕನಿಗೆ ಮಧ್ಯಾಹ್ನದ ಶಾಲೆ. ಅಮ್ಮ ಬರುವವರೆಗೆ ಮಗು ಅಕ್ಕನ ವಶ. ಅವತ್ತು ಅಕ್ಕ ಕೊಂಡಿ ಹಾಕಲು ಮರೆತಳು. ಅಪ್ಪ ಅವಳಿಗೆ ಹೊಡೆದ. ಇಷ್ಟು ಕಥೆ. ನೆಂಟರ ನಡುವೆ ಅಮ್ಮ ಇದನ್ನು ಎಷ್ಟು ಸಲ ಹೇಳಿದ್ದಳೆಂದರೆ ಅದರಲ್ಲಿ ನೋವು ಸವೆದು ಬರೀ ಸ್ವಾರಸ್ಯ ಉಳಿದಿತ್ತು. ಅವನೂ ಅದಕ್ಕೊಂದು ಬಾಲ ಸೇರಿಸಿದ್ದ. ಅಕ್ಕನ ಮನೆಯಿಂದ ಹೊರಡುವಾಗಲೆಲ್ಲ ಬಾಗಿಲಲ್ಲಿ ನಿಂತು ಕೊಂಡಿ ಹಾಕ್ಕೋ ಅಕ್ಕ ಅನ್ನುವುದು, ಎಲ್ಲರೂ ನಗುವುದು. ಅಕ್ಕನೂ ನಗುತ್ತಿದ್ದಳು. ಇಪ್ಪತ್ತು ವರ್ಷವಾದರೂ ಆಗಿರಬೇಕು ಆ ತಮಾಷೆಗೆ. ಈಗ ಅವಳ ನಗುವನ್ನು ನೆನಪಿಗೆ ತಂದುಕೊಳ್ಳಲು ನೋಡಿದ. ಬಂತು, ಆದರೆ ಅದರಲ್ಲಿ ಅವಳ ಕಣ್ಣು ಎಲ್ಲಿತ್ತೋ ಕಾಣಿಸಲಿಲ್ಲ. ಬುಧವಾರ ಎನ್ನುವುದರಲ್ಲಿ ಏನಿದೆ ಎಂದು ಅವನಿಗಿನ್ನೂ ತಿಳಿದಿರಲಿಲ್ಲ. ಅದು ಅವಳಿಗೆ ಬೇಕಾಗಿತ್ತು, ಅದನ್ನು ತಾನು ಕಿತ್ತುಕೊಂಡೆ ಎಂಬುದಷ್ಟೇ ತಿಳಿದಿತ್ತು.

ಮುಖ್ಯಸ್ಥೆಯ ಬಾಗಿಲವರೆಗೆ ಇಪ್ಪತ್ತು ಹೆಜ್ಜೆ. ಆ ಇಪ್ಪತ್ತು ಹೆಜ್ಜೆಯಲ್ಲಿ ಅವನು ಮೂರು ಬಗೆಯ ಮಾತು ಜೋಡಿಸಿಕೊಂಡ, ಒಳಗೆ ಹೋದ ಮೇಲೆ ಯಾವುದನ್ನೂ ಆಡಲಿಲ್ಲ. “ಕಳಿಸಬೇಡಿ. ನಾನು ಮತ್ತೆ ತಪ್ಪು ಮಾಡಿದೀನಿ,” ಎಂದ. ಅವಳು ಕುರ್ಚಿ ತೋರಿಸಿದಳು. ಅವನು ನಿಂತೇ ಎಲ್ಲ ಹೇಳಿದ. ಅವಳು ಕೇಳಿ, “ನಾನೂ ಓದಿದ್ದೆ ಸರ್ ಅದನ್ನ. ನನಗೂ ಕಾಣಿಸಲಿಲ್ಲ. ನಿಮಗೆ ಹೆಂಗೆ ಕಾಣಿಸ್ತು?” ಅಂದಳು.

“ನಮ್ಮಕ್ಕ ಹಿಡಿದ್ರು.”

“ಅವರೂ ಇದೇ ಲೈನಾ?”

“ಅಲ್ಲ. ಕರಡು ತಿದ್ತಿದ್ರು.”

“ಅವರನ್ನ ನಮ್ಮಲ್ಲಿಗೆ ಕರ್ಕೊಂಡು ಬನ್ನಿ,” ಎಂದಳು, ನಗದೆಯೇ. ಆಮೇಲೆ, “ನಾಳೆ ಬೆಳಿಗ್ಗೆ ಕಳಿಸೋಣ. ಆದ್ರೆ ಗಂಟೆ ಇರೋ ಒಂದು ಹಳೇ ದಿನಾನ ಪರೀಕ್ಷೆಗೆ ಸೇರಿಸಿಬಿಡಿ ಸರ್, ಖಾಯಂ ಆಗಿ. ಮುಂದೆ ಯಾರಾದ್ರೂ ಈ ಕೋಡನ್ನ ಮುಟ್ಟಿ ಕೆಡಿಸಿದ್ರೆ ಅದು ಕೂಗಿಕೊಳ್ಳಬೇಕು.”

ಅವನು ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಮೂರೂವರೆಗೇ ಹೊರಟ. ಅಕ್ಕನಿಗೆ ಫೋನು ಮಾಡಬಹುದಿತ್ತು. ಫೋನಿನಲ್ಲಿ ಕಿತ್ತುಕೊಂಡದ್ದನ್ನು ಫೋನಿನಲ್ಲಿ ಕೊಡಲು ಮನಸ್ಸಾಗಲಿಲ್ಲ. ಎರಡು ಬಸ್ಸು ಬದಲಿಸಿ, ಔಷಧಿ ಅಂಗಡಿಯ ಪಕ್ಕದ ಓಣಿ ಹಿಡಿದು, ಎರಡು ಮಹಡಿ ಹತ್ತಿ ಗಂಟೆ ಒತ್ತಿದ. ಭಾವ ಬಾಗಿಲು ತೆಗೆದ, ಕೈಯಲ್ಲಿ ಅರ್ಧ ತುಂಬಿದ ಪದಬಂಧ.

“ಬಾ ಬಾ. ನಿಮ್ಮಕ್ಕ ನಿನ್ನೆಯಿಂದ ಬೀರು ಖಾಲಿ ಮಾಡ್ತಿದಾಳೆ. ಹಳೇ ಸಾಮಾನೆಲ್ಲ ಹೊರಗೆ ಬರ್ತಿದೆ, ನನ್ನ ಪಾಳಿ ಯಾವಾಗ ಬರುತ್ತೋ ಅಂತ ಕಾಯ್ತಾ ಕೂತಿದೀನಿ.”

“ಮಾತಾಡ್ತಿದಾಳಾ?”

“ನನ್ನ ಹತ್ರ ಎಲ್ಲಿ. ಬೀರುವಿನ ಹತ್ರ ಏನೋ ಮಾತಾಡ್ತಿದ್ಲು ಬೆಳಿಗ್ಗೆ.”

ಅಕ್ಕ ಒಳಕೋಣೆಯಲ್ಲಿ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಸುತ್ತ ಹಳೆಯ ನೋಟ್‌ಬುಕ್ಕು, ಪತ್ರದ ಕಟ್ಟು, ಹಲ್ಲುದುರಿದ ಒಂದು ಬಾಚಣಿಗೆ. ಅವನನ್ನು ನೋಡಿ ಅಭ್ಯಾಸಬಲದಿಂದ ತನ್ನ ಎಡಬದಿಯ ಕಾಗದ ಸರಿಸಿ ಜಾಗ ಮಾಡಿದಳು. ಅಲ್ಲಿ ಕೂತರೆ ಅವಳು ಅವನ ಬಲಗಿವಿಯ ಕಡೆಗಾಗುತ್ತಾಳೆ.

“ಇಷ್ಟು ಬೇಗ ಬಂದೆ. ಕೆಲಸ ಇರಲಿಲ್ವಾ?”

“ಅಕ್ಕ, ಅದು ಬುಧವಾರ.”

ಅವಳು ಕೈಯಲ್ಲಿದ್ದ ನೋಟ್‌ಬುಕ್ಕಿನ ಹಾಳೆಯನ್ನು ಮಗುಚಿದಳು. “ಯಾವುದು?”

“ನವೆಂಬರ್ ಹನ್ನೆರಡು. ನೀನು ಹೇಳಿದ್ದೇ ಸರಿ. ನಾನು ಬರೆದಿದ್ದರಲ್ಲೇ ತಪ್ಪಿತ್ತು. ಸೊನ್ನೆಗಿಂತ ಹಿಂದಿನ ದಿನಕ್ಕೆ ಗಂಟೆ ಕೊಟ್ಟರೆ ಮಾರನೇ ದಿನ ಅಂತ ಹೇಳ್ತಿತ್ತು. ನೀನು ಗಂಟೆ ಹೇಳದೆ ಇದ್ದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ.”

“ನನ್ನ ಸಮಾಧಾನಕ್ಕೆ ಹೇಳ್ತಿದೀಯ.”

ಅವನು ಫೋನಿನಲ್ಲಿ ಆ ವರ್ಷದ ಕ್ಯಾಲೆಂಡರ್ ತೆಗೆದು ಕೊಟ್ಟ. ಅಕ್ಕ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಕರಡು ನೋಡುವಂತೆ ನೋಡಿದಳು: ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ಬೆರಳಿನಿಂದ ವಾರದ ಸಾಲು ಹಿಡಿದು ಕೆಳಗೆ ಇಳಿದು ಹನ್ನೆರಡಕ್ಕೆ ಬಂದು, ನಂಬದೆ ಹನ್ನೆರಡರಿಂದ ಮೇಲಕ್ಕೆ ಹತ್ತಿ ಮತ್ತೆ ವಾರಕ್ಕೆ ಹೋದಳು. ಫೋನನ್ನು ಮಡಿಲಲ್ಲಿ ಇಟ್ಟುಕೊಂಡಳು.

“ನಿಮ್ಮ ಭಾವನ್ನ ಕೇಳಿದ್ರೂ ಇದನ್ನ ತೋರಿಸ್ತಿದ್ರು. ಕೇಳೋಕೆ ಧೈರ್ಯ ಬರಲಿಲ್ಲ. ಇನ್ನೊಂದು ಬಾಯಲ್ಲಿ ಗುರುವಾರ ಅಂತ ಬಂದ್ರೆ ಏನು ಮಾಡೋದು.” ಆಮೇಲೆ, “ನೀನು ಗುರುವಾರ ಅಂದ್ಯಲ್ಲ, ಆಗ ಅಮ್ಮನ ಕೂದಲು ಹೊರಟುಹೋಯ್ತು ಕಣೋ,” ಎಂದಳು.

“ಅಂದ್ರೆ?”

“ಬುಧವಾರ ಅಮ್ಮಂಗೆ ವಾರದ ರಜ. ತಲೆಗೆ ನೀರು ಹಾಕ್ಕೊಳ್ಳೋ ದಿನ. ಕಿಟಕಿ ಹತ್ರ ಸ್ಟೂಲ್ ಹಾಕ್ಕೊಂಡು ಕೂದಲು ಹರವಿಕೊಂಡು ಕೂತಿದ್ಲು, ತೊಟ್ಟಿಕ್ಕೋ ನೀರಿಗೆ ಕೆಳಗೆ ಒಂದು ಬಟ್ಟೆ ಹಾಸಿದ್ಲು. ಬಿಸಿಲು ಬಿದ್ದು ಕೂದಲು ಕಂದು ಬಣ್ಣ ಆಗಿತ್ತು. ನಾನು ನೋಡ್ತಾ ಕಾಪಿ ಬರೀತಿದ್ದೆ. ಆಗ ಸದ್ದು ಕೇಳಿಸ್ತು. ಅಮ್ಮ ಎದ್ದು ಓಡಿದಾಗ ಕೂದಲಿನ ನೀರು ನನ್ನ ಪುಸ್ತಕದ ಮೇಲೆ ಬಿತ್ತು. ಅದೇ ಪುಸ್ತಕ ಹುಡುಕ್ತಿದೀನಿ ನಿನ್ನೆಯಿಂದ, ಶಾಯಿ ಕದಡಿದ ಹಾಳೆ ಇರಬೇಕಲ್ಲ ಅಂತ. ಸಿಗಲಿಲ್ಲ. ಗುರುವಾರ ಆಗಿದ್ರೆ ಅಮ್ಮ ಮನೇಲೇ ಇರಲಿಲ್ಲ. ಹಾಗಾದ್ರೆ ಆ ಕೂದಲು, ಆ ಬಿಸಿಲು, ಎಲ್ಲ ನಾನೇ ಕಟ್ಟಿಕೊಂಡಿದ್ದು. ನನ್ನ ತಪ್ಪು ಮುಚ್ಚಿಕೊಳ್ಳೋಕೆ ಅಮ್ಮನ್ನ ತಂದು ಕಿಟಕೀಲಿ ಕೂರಿಸಿದೆ. ಐವತ್ತೈದು ವರ್ಷ.”

ಹೊರಗೆ ಭಾವ ಕೆಮ್ಮಿದ. ಅಮ್ಮ ಮನೆಯಲ್ಲಿದ್ದಳು ಎನ್ನುವುದು ಅವನೊಳಗೆ ನಿಧಾನವಾಗಿ ಇಳಿಯಿತು, ಒಂದೊಂದೇ ಮೆಟ್ಟಿಲು.

“ಮತ್ತೆ ನೀನು ಯಾಕೆ ಹೇಳಲಿಲ್ಲ?”

“ಆಸ್ಪತ್ರೆಗೆ ಹೋಗ್ತಾ ಗಾಡೀಲಿ ಅಮ್ಮ ಕೇಳಿದ್ಲು. ನೀನು ಅವಳ ಮಡಿಲಲ್ಲಿದ್ದೆ, ಕಿವಿಗೆ ಅವಳ ಸೆರಗು ಒತ್ತಿತ್ತು. ‘ಕೊಂಡಿ ನೀನು ಹಾಕಲಿಲ್ಲ ಅಂತ ಹೇಳ್ತೀಯಾ?’ ಅಂದ್ಲು, ಮರೆತಿದ್ದೋಳು ಅವಳೇ. ಗದರಿಸಲಿಲ್ಲ ಮರೀ. ದೊಡ್ಡೋರನ್ನ ಕೇಳೋ ಹಾಗೆ ಕೇಳಿದ್ಲು. ಅಪ್ಪ ಅವಳ ಕೆಲಸ ಬಿಡಿಸೋಕೆ ಒಂದು ನೆಪಕ್ಕೆ ಕಾಯ್ತಿದ್ದ. ಮನೇಲಿದ್ದೂ ಮಗು ನೋಡ್ಕೊಳ್ಳಲಿಲ್ಲ ಅಂತ ಗೊತ್ತಾದ್ರೆ ಬಿಡಿಸೇಬಿಡ್ತಿದ್ದ, ತಪ್ಪು ನಂದು ಅಂದ್ರೆ ಏಟು ನನಗೆ ಬಿದ್ದು ಮುಗೀತಿತ್ತು. ರಜ ಬಂದರೂ ಅಪ್ಪನಿಗೆ ಹೇಳದೆ ಆಗಾಗ ಬೇರೆಯವರ ಪಾಳಿಗೆ ಹೋಗ್ತಿದ್ಲು, ಅವತ್ತೂ ಹೋಗಿದ್ದೆ ಅಂದ್ರೆ ನಂಬ್ತಾನೆ ಅಂತ ಅವಳ ಲೆಕ್ಕ. ನಾನು ಹೂಂ ಅಂದೆ. ಒಂದೇ ಏಟು. ಆಮೇಲೆ ಇಪ್ಪತ್ತಾರು ವರ್ಷ ಅಮ್ಮ ಆ ಕೆಲಸ ಮಾಡಿದ್ಲು, ಹೆಡ್ ಆಪರೇಟರ್ ಆದ್ಲು, ನಾವಿಬ್ಬರೂ ಓದಿದ್ದು ಅದರಲ್ಲೇ. ಒಂದು ಏಟಿಗೆ ಅಷ್ಟು ಬಂತು. ನಷ್ಟ ಏನಿಲ್ಲ.”

“ಆದ್ರೆ ಅವಳು ಎಲ್ಲರ ಮುಂದೆ ಹೇಳ್ಕೊಂಡು ಬಂದಳಲ್ಲ.”

“ಹೇಳಿ ಹೇಳಿ ಅವಳೇ ನಂಬಿಬಿಟ್ಟಳು. ಅದು ಮಾತ್ರ ಸ್ವಲ್ಪ ಬೇಜಾರಾಗ್ತಿತ್ತು. ಕೊನೇಲಿ ಆಸ್ಪತ್ರೇಲಿ ಮಲಗಿದ್ದಾಗಲೂ ನರ್ಸ್ ಹತ್ರ ಹೇಳಿದ್ಲು, ನಾನು ಪಕ್ಕದಲ್ಲೇ ಇದ್ದೆ. ಅವಳ ಮುಖ ನೋಡಿದೆ. ಅದರಲ್ಲಿ ಏನೂ ಇರಲಿಲ್ಲ. ಅವಳ ಪಾಲಿಗೆ ಅದೇ ನಿಜ ಆಗಿತ್ತು. ಆಗ ಅಂದ್ಕೊಂಡೆ, ಇನ್ನು ಇದು ಗೊತ್ತಿರೋದು ನನಗೊಬ್ಬಳಿಗೆ, ಮತ್ತೆ ಆ ಬುಧವಾರಕ್ಕೆ.”

ಕೊಂಡಿ ಹಾಕ್ಕೋ ಅಕ್ಕ. ಅವನಿಗೆ ತನ್ನ ದನಿ ಕೇಳಿಸಿತು, ನಗುವಿನ ಸಮೇತ. “ಅಕ್ಕ, ನಾನು ಆ ಕೊಂಡಿ ಮಾತು...” ಎಂದು ಶುರುಮಾಡಿದ. ಅವಳು ಅವನ ತಲೆಯನ್ನು ಎರಡು ಬೆರಳಿನಿಂದ ಮೆಲ್ಲಗೆ ತಳ್ಳಿದಳು, ಕಾಗುಣಿತ ತಪ್ಪಿದ ಹುಡುಗನನ್ನು ತಳ್ಳುವ ಹಾಗೆ.

“ಅದೆಲ್ಲ ಬಿಡು. ಅಮ್ಮನ ಮೇಲೆ ಕೋಪ ಬಂತಾ ನಿನಗೆ?”

ಅವನು ಹುಡುಕಿ ನೋಡಿದ. ಕೋಪ ಇರಬೇಕಾದ ಜಾಗದಲ್ಲಿ ಒಬ್ಬ ಹೆಂಗಸು ಕಿಟಕಿಯ ಬಿಸಿಲಿಗೆ ಕೂದಲು ಹರವಿಕೊಂಡು ಕೂತಿದ್ದಳು. ಮೂವತ್ತೋ ಮೂವತ್ತೊಂದೋ ವಯಸ್ಸು, ಅವನ ಮುಖ್ಯಸ್ಥೆಗಿಂತ ಚಿಕ್ಕವಳು. ವಾರಕ್ಕೊಂದು ದಿನ ಅವಳಿಗೆ ಸಿಗುತ್ತಿದ್ದದ್ದು ಅದೊಂದು ಗಂಟೆ. ಅವನು ಅವಳನ್ನು ಹಾಗೆ ಯಾವತ್ತೂ ನೋಡಿರಲಿಲ್ಲ.

“ಇಲ್ಲ,” ಎಂದ. ಅದು ನಿಜವಾಗಿತ್ತು.

ಅಕ್ಕ ಉಸಿರು ಬಿಟ್ಟಳು. ಕಾಗದಗಳನ್ನು ಗುಡ್ಡೆ ಮಾಡತೊಡಗಿದಳು. “ಆಫೀಸಲ್ಲಿ ಬೈದ್ರಾ?”

“ಬೈಲಿಲ್ಲ. ನಿನ್ನನ್ನ ಕೆಲಸಕ್ಕೆ ಕರ್ಕೊಂಡು ಬಾ ಅಂದ್ರು. ಗಂಟೆ ಇರೋ ಒಂದು ಹಳೇ ದಿನ ಪರೀಕ್ಷೆಗೆ ಸೇರಿಸಬೇಕು, ಖಾಯಂ ಆಗಿ. ಆ ಯಂತ್ರಕ್ಕೆ ಯಾರು ಏನೇ ಬದಲಾವಣೆ ಮಾಡಿದ್ರೂ ಪ್ರತಿ ಸಲ ಆ ದಿನ ಯಾವ ವಾರ ಅಂತ ಕೇಳ್ತೀವಿ, ಅದು ಬುಧವಾರ ಅನ್ನದೆ ಇದ್ರೆ ಮುಂದೆ ಹೋಗೋ ಹಾಗಿಲ್ಲ.” ಅವನು ಲ್ಯಾಪ್‌ಟಾಪು ತೆಗೆದ. “ನಿನ್ನ ಬುಧವಾರ ಹಾಕ್ತೀನಿ. ಹನ್ನೆರಡು, ಹನ್ನೊಂದು ಹತ್ತು.”

ಅವಳ ಮುಖ ಒಂದು ಗಳಿಗೆ ಅರಳಿತು, ಅವನು ಅದನ್ನು ಕಂಡ. ಮರುಗಳಿಗೆ ಅವಳು ಅವನ ಮಣಿಕಟ್ಟು ಹಿಡಿದಳು.

“ಅದು ಬೇಡ. ದಿನಾ ಎದ್ದು ಅದನ್ನೇ ಕೇಳ್ತಾ ಇದ್ರೆ ಪಾಪ, ಅಮ್ಮ. ಹೋಗಲಿ ಬಿಡು ಅವಳನ್ನ. ಬೇರೆ ಬುಧವಾರ ಹಾಕು.”

“ಬೇರೆ ಯಾವುದು?”

ಅಕ್ಕ ಗೋಡೆ ನೋಡುತ್ತ ಯೋಚಿಸಿದಳು, ತುಟಿಯಲ್ಲೇ ಎಣಿಸಿದಳು. “ಅದೇ ತಿಂಗಳು ಇಪ್ಪತ್ತಾರು. ನಿನ್ನನ್ನ ಮನೆಗೆ ತಂದ್ವಿ. ಮೂಟೆಯಷ್ಟು ದೊಡ್ಡ ಬ್ಯಾಂಡೇಜು ತಲೆಗೆ. ಅಮ್ಮ ಹಿಂದಿನಿಂದ ಕರೆದ್ರೂ ನೀನು ಬಲಕ್ಕೇ ತಿರುಗೋದು, ನಾನು ಎಡಗಡೆ ನಿಂತು ಕರೆದ್ರೂ ಬಲಕ್ಕೇ ತಿರುಗೋದು, ಅದೇ ಒಂದು ಆಟ ಆಗಿಹೋಯ್ತು, ಮೂರೂ ಜನ ನಕ್ಕೂ ನಕ್ಕೂ ಸಾಕಾಯ್ತು. ಕಿವಿ ಕೇಳದೆ ಹಾಗೆ ತಿರುಗ್ತಿದೀಯ ಅಂತ ನಮಗಿನ್ನೂ ಗೊತ್ತಿರಲಿಲ್ಲ. ಸಾಯಂಕಾಲ ನಾಲ್ಕು ಇಪ್ಪತ್ತು. ಶಾಲೆಗೆ ಚಕ್ಕರ್ ಹೊಡೆದಿದ್ದೆ, ಅದಕ್ಕೇ ಗಡಿಯಾರ ನೋಡ್ತಾ ಇದ್ದೆ.”

ಅವನು ಬರೆದುಕೊಂಡ. ಇಪ್ಪತ್ತಾರು, ಹನ್ನೊಂದು, ಅರವತ್ತೊಂಬತ್ತು, ನಾಲ್ಕು ಇಪ್ಪತ್ತು. ಅಕ್ಕ ಅವನ ಭುಜದ ಮೇಲಿಂದ ಬಗ್ಗಿ ಪರದೆಯ ಅಂಕಿಗಳನ್ನು ಒಂದೊಂದಾಗಿ ಓದಿ, ಸರಿಯಿದೆ ಎಂದು ತಲೆಯಾಡಿಸಿದಳು. ಅವನು ಗುಂಡಿ ಒತ್ತಿದ.

“ಏನಂತೆ?”

“ಬುಧವಾರ.”

“ಹೂಂ,” ಎಂದಳು ಅಕ್ಕ, ಬಾಗಿಲಾಚೆ ಕೂತ ಭಾವನಿಗೂ ಕೇಳಿಸುವಷ್ಟು ಗಟ್ಟಿಯಾಗಿ. “ನನಗೆ ಗೊತ್ತಿತ್ತು.”